ಒಂದು ಪೂರ್ತಿ ಬೆಳೆ

ಜಂಗಮಕೋಟೆಯಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಮುನಿಲಕ್ಷ್ಮಿಗೆ ಎದುರಾದವರೆಲ್ಲ ಮೊದಲು ಅವಳ ಕಣ್ಣು ನೋಡುತ್ತಾರೆ, ಮಾತು ಆಮೇಲೆ. "ಈಗ ಪರವಾಗಿಲ್ವೇನಮ್ಮ?" ಎಂದು ಕೇಳುವ ಹೊತ್ತಿಗೆ ಅವರಿಗೆ ಬೇಕಾದ ಉತ್ತರ ಸಿಕ್ಕಿಬಿಟ್ಟಿರುತ್ತದೆ. ಕಣ್ಣಿನ ಬಿಳಿ ಬಿಳಿಯಾಗೇ ಇದ್ದರೆ ಒಂದು ಮುಖ, ಹಳದಿಗೆ ತಿರುಗಿದ್ದರೆ ಇನ್ನೊಂದು ಮುಖ ಮಾಡಿಕೊಂಡು ಮುಂದೆ ಹೋಗುತ್ತಾರೆ. ಮೊದಮೊದಲು ಅವಳಿಗೆ ರೇಗುತ್ತಿತ್ತು. ಈಗ ರೇಗುವುದಕ್ಕೂ ಬೇಜಾರು. ಯಾರಾದರೂ ಹತ್ತಿರ ಬಂದರೆ ತಾನೇ ಬೆರಳಿನಿಂದ ಕೆಳರೆಪ್ಪೆ ಎಳೆದು ತೋರಿಸಿ, "ನೋಡ್ಕೊಳ್ಳಿ, ಆಮೇಲೆ ಡೈರಿಗೆ ಹಾಲು ಹಾಕೋಕೆ ಹೊರಡಿ" ಅನ್ನುತ್ತಾಳೆ.

ನಲವತ್ತನಾಲ್ಕು ವರ್ಷದ ಹೆಂಗಸು. ದಿಬ್ಬೂರಹಳ್ಳಿ ಕಡೆಯ ಆವಲಪ್ಪನ ಮಗಳು. ಹತ್ತೊಂಬತ್ತಕ್ಕೆ ಗಂಗಾಧರನ ಕೈಹಿಡಿದು ಈ ಊರಿಗೆ ಬಂದವಳು. ಎರಡೆಕರೆ ಹಿಪ್ಪುನೇರಳೆ, ಎರಡು ಹಸು, ಮನೆಯ ಹಿಂದೆ ಶೀಟು ಹೊದಿಸಿದ ಹುಳದ ಮನೆ, ಅತ್ತೆ ಓಬಳಮ್ಮ, ಚಿಕ್ಕಬಳ್ಳಾಪುರದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗಿಬರುವ ಮಗಳು ಪ್ರಿಯಾಂಕ. ಇಷ್ಟು ಅವಳ ಸಂಸಾರ. ಇವರ ಜೊತೆಗೆ ಏಳು ವರ್ಷದಿಂದ ಅವಳ ಪಿತ್ತನಾಳವೂ ಮನೆಯ ಹಿರಿಯನ ಹಾಗೆ ಅಲ್ಲೇ ಕೂತಿದೆ. ಯಾರ ಮದುವೆಗೆ ಹೋಗಬೇಕು, ರೇಷ್ಮೆ ಹುಳ ಯಾವಾಗ ತರಬೇಕು, ಹಬ್ಬಕ್ಕೆ ಒಬ್ಬಟ್ಟು ತಟ್ಟಬೇಕೋ ಬೇಡವೋ, ಎಲ್ಲವನ್ನೂ ಅದನ್ನು ಕೇಳಿಯೇ ತೀರ್ಮಾನಿಸಬೇಕು.

ಶುರುವಾಗಿದ್ದು ತುರಿಕೆಯಿಂದ. ಅಂಗೈ, ಅಂಗಾಲು, ಆಮೇಲೆ ಮೈಯೆಲ್ಲ. ಪಕ್ಕದ ಟೊಮ್ಯಾಟೊ ತೋಟಕ್ಕೆ ಹೊಡೆದ ಔಷಧಿ ತಗುಲಿರಬೇಕು ಎಂದು ತೆಂಗಿನ ನಾರಿನಲ್ಲಿ ಉಜ್ಜಿಕೊಂಡೇ ಮೂರು ತಿಂಗಳು ಕಳೆದಳು. ಕಣ್ಣು ಹಳದಿಯಾದ ಮೇಲೆ ಊರಿಗೆ ಊರೇ ಡಾಕ್ಟರಾಯಿತು. ಕಾಮಾಲೆ ಅಂದರೆ ಈ ಸೀಮೆಯಲ್ಲಿ ಯಾರೂ ಆಸ್ಪತ್ರೆಯ ದಾರಿ ಹೇಳುವುದಿಲ್ಲ. ಚಿಂತಾಮಣಿ ಕಡೆ ಒಬ್ಬ ಬರಿಹೊಟ್ಟೆಗೆ ಸೊಪ್ಪಿನ ರಸ ಕುಡಿಸಿ, ಮುಂಗೈಗೆ ಒಂದು ಬರೆ ಹಾಕಿ, ಒಂಬತ್ತು ದಿನ ಉಪ್ಪಿಲ್ಲದ ಪಥ್ಯ ಹೇಳಿ ಕಳಿಸಿದ. ಹಳದಿ ಇಳಿಯಿತು. ಊರು ಅವನನ್ನು ಹೊಗಳಿತು. ಹಳದಿ ತಾನಾಗಿ ಇಳಿದದ್ದು ಎಂದು ಗೊತ್ತಾಗಲು ಇನ್ನೆರಡು ಸಲ ಕಣ್ಣು ಹಳದಿಯಾಗಬೇಕಾಯಿತು. ಎಡಗೈ ಮೇಲೆ ಸಾಲಾಗಿ ಮೂರು ಬರೆಗಳು ಈಗಲೂ ಇವೆ.

ಮೂರನೇ ಸಲ ಹಳದಿಯ ಜೊತೆಗೆ ಚಳಿಯೂ ಬಂತು. ಮಧ್ಯಾಹ್ನದ ಬಿಸಿಲಲ್ಲಿ, ಮೂರು ಕಂಬಳಿ ಹೊದಿಸಿದರೂ ಮಂಚವೇ ಅಲುಗಾಡುವ ಹಾಗೆ. ಚಿಕ್ಕಬಳ್ಳಾಪುರದಲ್ಲಿ ನೋಡಿದವರು ಬೆಂಗಳೂರಿಗೆ ಕಳಿಸಿದರು. ಅಲ್ಲಿ ಒಬ್ಬ ಡಾಕ್ಟರು ಹಾಳೆಯ ಮೇಲೆ ತಲೆಕೆಳಗಾದ ಮರದ ಚಿತ್ರ ಬರೆದು, ಲಿವರಿನಿಂದ ಪಿತ್ತ ಹರಿದು ಬರುವ ಕೊಂಬೆಗಳಿವು, ಒಳಗೊಳಗೇ ಗಾಯವಾಗಿ ಅಲ್ಲಲ್ಲಿ ಕಿರಿದಾಗಿವೆ ಎಂದರು. ಗಂಗಾಧರ ಆ ಚಿತ್ರವನ್ನು ಬಹಳ ಹೊತ್ತು ನೋಡಿ, "ನಮ್ ಬೋರ್ ನೀರಿಗೆ ಡ್ರಿಪ್ ಪೈಪಲ್ಲಿ ಉಪ್ಪು ಕಟ್ಕೊಳ್ಳತ್ತಲ್ಲ ಸಾರ್, ಹಂಗೆ" ಎಂದ. ಡಾಕ್ಟರಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಆಮೇಲೆ ಬಂದ ರೈತಾಪಿ ಜನಕ್ಕೆಲ್ಲ ಅದನ್ನೇ ಹೇಳತೊಡಗಿದರು.

"ಪೈಪಿಗಾದ್ರೆ ಆಸಿಡ್ ಬಿಟ್ಟು ತೊಳೀತೀವಿ. ಇದಕ್ಕೆ?" ಎಂದು ಕೇಳಿದ್ದು ಮುನಿಲಕ್ಷ್ಮಿ.

"ತೊಳೆಯೋಕಾಗಲ್ಲಮ್ಮ. ಮುಚ್ಚಿಹೋದ ಕಡೆ ಸಣ್ಣ ನಳಿಕೆ ಇಡ್ತೀವಿ, ಸ್ಟೆಂಟ್ ಅಂತಾರೆ. ಅದೂ ಕಟ್ಕೊಳ್ಳತ್ತೆ, ಮತ್ತೆ ಬದಲಾಯಿಸ್ತೀವಿ. ಕೊನೆಗೊಂದು ದಿನ ಲಿವರನ್ನೇ ಬದಲಾಯಿಸಬೇಕಾಗಬಹುದು. ಅದು ಯಾವತ್ತು ಅಂತ ನನಗೂ ಗೊತ್ತಿಲ್ಲ."

ಕಾಯಿಲೆಗೆ ಮೂರು ಇಂಗ್ಲಿಷ್ ಪದದ ಹೆಸರಿತ್ತು. ಪ್ರಿಯಾಂಕ ಅದನ್ನು ಕನ್ನಡದಲ್ಲಿ ಚೀಟಿಯ ಮೇಲೆ ಬರೆದುಕೊಟ್ಟರೂ ಅವಳ ನಾಲಗೆಗೆ ಹತ್ತಲಿಲ್ಲ. ಕೇಳಿದವರಿಗೆ "ಲಿವರ್ರು" ಎಂದು ಹೇಳಿದ್ದೇ ತಪ್ಪಾಯಿತು. ಲಿವರ್ ಅಂದರೆ ಜನಕ್ಕೆ ಹೆಂಡವೇ ನೆನಪಾಗುವುದು. ವಾರ್ಡಿನಲ್ಲಿ ನರ್ಸ್ ಗಂಗಾಧರನನ್ನು ಪಕ್ಕಕ್ಕೆ ಕರೆದು "ಎಷ್ಟು ವರ್ಷದಿಂದ ಕುಡೀತಾರೆ?" ಎಂದು ಕೇಳಿದಾಗ, ಅವನು ತನ್ನನ್ನೇ ಕೇಳಿದ್ದೆಂದು ತಿಳಿದು, "ಹಬ್ಬಕ್ಕೆ ಒಂದೊಂದ್ಸಲ ಮೇಡಂ, ಈಗ ಬಿಟ್ಟಿದೀನಿ" ಅಂದಿದ್ದ. ಎಲೆ ಅಡಿಕೆಗೆ ಸುಣ್ಣ ಸವರಿಕೊಳ್ಳಲೂ ಹಿಂಜರಿಯುವ ಮುನಿಲಕ್ಷ್ಮಿ ಅವತ್ತು ನಕ್ಕಿದ್ದಳು. ಊರಿನಲ್ಲಿ ಮಾತ್ರ ನಗು ಬರಲಿಲ್ಲ. ಗುಟ್ಟಾಗಿ ಕುಡಿಯುತ್ತಿದ್ದಳಂತೆ ಎಂದು ಮೊದಲು ಹೇಳಿದ್ದು ಯಾರೆಂದು ಅವಳಿಗೆ ಚೆನ್ನಾಗಿ ಗೊತ್ತು. ಅವರ ಮನೆಯ ಗೃಹಪ್ರವೇಶಕ್ಕೆ ಅವಳು ಹೋಗಲಿಲ್ಲ.

ಡಾಕ್ಟರು ಹೇಳಿಕೊಟ್ಟ ನಿಯಮ ಒಂದೇ. ಚಳಿ ನಡುಕ ಬಂದ ಕೂಡಲೇ ಗಡಿಯಾರ ನೋಡಬೇಕು, ಎರಡು ಗಂಟೆಯೊಳಗೆ ಆಸ್ಪತ್ರೆಗೆ ಹೊರಟಿರಬೇಕು. ನಾಳದಲ್ಲಿ ನಿಂತ ಪಿತ್ತ ಕೊಳೆತರೆ ಅದು ರಕ್ತಕ್ಕೆ ಸೇರುತ್ತದೆ, ಆಮೇಲೆ ಯಾರ ಕೈಯಲ್ಲೂ ಇಲ್ಲ. ಹಿಂದಿನ ವರ್ಷ ಪಕ್ಕದ ಮಂಚದಲ್ಲಿದ್ದ ಗೌರಿಬಿದನೂರಿನ ಹೆಂಗಸು ನಾಮಕರಣ ಮುಗಿಸಿಕೊಂಡು ಬರೋಣ ಅಂತ ಒಂದು ದಿನ ತಡ ಮಾಡಿದ್ದಳು. ಅವಳ ಮಂಚಕ್ಕೆ ಮಾರನೆಯ ದಿನ ಬೇರೆಯವರು ಬಂದರು. ಮುನಿಲಕ್ಷ್ಮಿ ಅದನ್ನು ಕಣ್ಣಾರೆ ಕಂಡವಳು.

ಹಾಗಾಗಿ ಚಳಿ ಬಂದಾಗಲೆಲ್ಲ ಹೊರಡುವುದು, ಬಾಯಿಂದ ನಳಿಕೆ ಇಳಿಸಿಕೊಳ್ಳುವುದು, ಹತ್ತು ದಿನ ಕೈಗೆ ಸೂಜಿ, ಮನೆಗೆ ಬರುವುದು. ಬಂದರೆ ಬ್ರೆಡ್ಡು, ಮೋಸಂಬಿ ಹಿಡಿದ ನೆಂಟರು. ಅವರಿಗೆಲ್ಲ ಕಥೆಯನ್ನು ಮೊದಲಿನಿಂದ ಹೇಳಬೇಕು. ಕಾಲಿನ ಬಲ ತಿರುಗಿ ಬಂದು, ಊಟ ರುಚಿಸಿ, ತಾನೊಬ್ಬಳು ಮನುಷ್ಯಳು ಅನ್ನಿಸುವ ಹೊತ್ತಿಗೆ ಮತ್ತೆ ಚಳಿ. ಮೊದಲು ಆರು ತಿಂಗಳಿಗೊಮ್ಮೆ ಇದ್ದದ್ದು ಮೂರಕ್ಕೆ ಇಳಿಯಿತು, ಈಗ ಆರು ವಾರಕ್ಕೆ ಬಂದು ನಿಂತಿದೆ. ಸಾವಿನ ಭಯ ಅವಳಿಗೆ ಅಷ್ಟಿಲ್ಲ. ಅವಳಿಗೆ ಸುಸ್ತಾಗಿರುವುದು ಮತ್ತೆ ಮತ್ತೆ ವಾಸಿಯಾಗಿ.

ಇದೆಲ್ಲದರಲ್ಲಿ ಅವಳಿಂದ ದೂರವಾದದ್ದು ಹುಳದ ಮನೆ. ಅದನ್ನು ಹೇಳದೆ ಅವಳ ಕಥೆ ಹೇಳಿದ ಹಾಗಾಗುವುದಿಲ್ಲ, ಯಾಕೆಂದರೆ ಮುನಿಲಕ್ಷ್ಮಿ ಹುಳ ಸಾಕುವುದರಲ್ಲಿ ಸುತ್ತಲ ನಾಲ್ಕೂರಿಗೆ ಹೆಸರಾದವಳು. ಹುಳ ಸೊಪ್ಪು ತಿನ್ನುವ ಸದ್ದು ಕೇಳಿಯೇ ಹಸಿವು ಸಾಕಾಯಿತೋ ಇಲ್ಲವೋ ಹೇಳುತ್ತಿದ್ದಳು. ಸಾವಿರ ಹುಳದಲ್ಲಿ ಸಪ್ಪೆ ರೋಗ ಹತ್ತಿದ ಒಂದನ್ನು ದೂರದಿಂದಲೇ ಗುರುತು ಹಿಡಿದು ಎತ್ತಿ ಸುಣ್ಣದ ಬೋಗುಣಿಗೆ ಹಾಕುತ್ತಿದ್ದಳು. ಇನ್ನು ಹುಳ ಹಣ್ಣಾಗುವ ದಿನ, ಅಂದರೆ ತಿನ್ನುವುದು ಬಿಟ್ಟು ಗೂಡು ಕಟ್ಟಲು ತಯಾರಾಗುವ ದಿನ, ಅವಳ ಕೈ ನೋಡಬೇಕಿತ್ತು. ಹಣ್ಣಾದ ಹುಳದ ಮೈ ತಿಳಿಯಾಗಿರುತ್ತದೆ, ಹಸಿ ಹುಳದ ಮೈ ಮಂದವಾಗಿ ಹಸಿರು ಹೊಡೆಯುತ್ತದೆ. ಎರಡರ ವ್ಯತ್ಯಾಸ ಕೂದಲೆಳೆಯಷ್ಟು. ಬೇರೆಯವರು ಒಂದೊಂದನ್ನೇ ಬೆಳಕಿಗೆ ಹಿಡಿದು ನೋಡುವಾಗ, ಅವಳು ಮಾತಾಡುತ್ತಲೇ ಹಿಡಿಹಿಡಿಯಾಗಿ ಆರಿಸಿ ಚಂದ್ರಿಕೆಗೆ ಬಿಡುತ್ತಿದ್ದಳು. ಚಂದ್ರಿಕೆ ಎಂದರೆ ಹುಳ ಗೂಡು ಕಟ್ಟುವ, ಸುರುಳಿ ಸುರುಳಿ ಬಿದಿರು ದಬ್ಬೆಯ ಚಾಪೆ. ಅವಳು ಬಿಟ್ಟ ಚಂದ್ರಿಕೆಯಲ್ಲಿ ಒಂದು ಹಸಿ ಹುಳ ಸಿಕ್ಕಿತೆಂದು ಯಾರೂ ಯಾವತ್ತೂ ಹೇಳಿದ್ದಿಲ್ಲ.

ಹುಳದ ಮನೆಗೆ ಯಜಮಾನಿ ಮಾತ್ರ ಓಬಳಮ್ಮ. ಗಡಿಯಾಚೆಯಿಂದ ಬಂದ ಹೆಣ್ಣು, ಸಿಟ್ಟು ಬಂದರೆ ಮಾತು ತೆಲುಗಿಗೆ ತಿರುಗುತ್ತದೆ. ನೆಲಕ್ಕೆ ಬಿದ್ದ ಒಂದೇ ಒಂದು ಹುಳವನ್ನೂ ಬಗ್ಗಿ ಎತ್ತಿ ಸೊಪ್ಪಿನ ಮೇಲೆ ಬಿಡುವವಳು. ಅವಳದೊಂದು ಕಟ್ಟಳೆ ಇತ್ತು. ಹುಳ ಇರುವಷ್ಟು ದಿನ ಆಸ್ಪತ್ರೆಯಿಂದ ಬಂದವರು ಆ ಹೊಸಿಲು ದಾಟಕೂಡದು. ಹಿಂದೆ ಅವಳ ತಮ್ಮ ಆಪರೇಷನ್ ಮಾಡಿಸಿಕೊಂಡು ನೇರ ಅಕ್ಕನ ಮನೆಗೆ ಬಂದು ಹುಳ ನೋಡಿಹೋಗಿದ್ದ. ಆ ಸಲ ಹಾಲು ರೋಗ ಬಂದು ಇಡೀ ಬೆಳೆಯನ್ನು ತಿಪ್ಪೆಗೆ ಸುರಿದಿದ್ದರು. ಆವತ್ತಿನಿಂದ ಸೂತಕದವರಿಗೆ ಹೇಗೋ ಆಸ್ಪತ್ರೆಯವರಿಗೂ ಹಾಗೇ. ಸೊಸೆ ಎಂದು ರಿಯಾಯಿತಿ ಇರಲಿಲ್ಲ. ಎರಡು ವರ್ಷದಿಂದ ಪ್ರತಿ ಬೆಳೆಯ ನಡುವೆ ಮುನಿಲಕ್ಷ್ಮಿಗೆ ಚಳಿ ಬರುತ್ತಿತ್ತು, ಹೋಗಿ ಬಂದರೆ ಬಾಗಿಲಾಚೆ ನಿಂತು ಸದ್ದು ಕೇಳಬೇಕಿತ್ತು. ಅತ್ತೆಯ ಮೇಲೆ ಕೋಪ ಮಾಡಿಕೊಳ್ಳಲೂ ಆಗುತ್ತಿರಲಿಲ್ಲ, ಯಾಕೆಂದರೆ ಅವಳ ಜಾಗದಲ್ಲಿ ತಾನಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ಅವಳಿಗೆ ಗೊತ್ತಿತ್ತು. ಸ್ವಂತ ಮನೆಯಲ್ಲೇ ನೆಂಟರ ಹಾಗೆ ಕುರ್ಚಿಯ ಮೇಲೆ ಕೂತು, ಯಾರೋ ತಂದುಕೊಟ್ಟ ಗಂಜಿ ಕುಡಿಯುವುದು ಅವಳಿಗೆ ಕಾಯಿಲೆಗಿಂತ ಹಿಂಸೆಯಾಗಿತ್ತು.

ಈ ಸಲ ಶಿವರಾತ್ರಿ ಕಳೆದು ವಾರಕ್ಕೆ ಕಾಲ ಕೂಡಿಬಂತು. ಆಸ್ಪತ್ರೆಯಿಂದ ಬರುವಾಗ ಹುಳದ ಮನೆ ಖಾಲಿ ಇತ್ತು. ಮೊಟ್ಟೆ ಒಡೆಸಿ ಮರಿ ಬೆಳೆಸಿಕೊಡುವ ಚಾಕಿ ಸೆಂಟರಿನಿಂದ ಮರಿಹುಳ ಬಂದಿಳಿಯುವಾಗ ಅವಳಿಗೆ ಮೈಯಲ್ಲಿ ಶಕ್ತಿ ಇತ್ತು. ಮರಿ ಬಂದ ಮೇಲೆ ಹುಳ ಹಣ್ಣಾಗಲು ಹದಿನೆಂಟು ದಿನ, ಚಂದ್ರಿಕೆಯಲ್ಲಿ ಗೂಡು ಕಟ್ಟಿ ಮುಗಿಸಲು ಇನ್ನೈದು ದಿನ. ಆರು ವಾರದ ಲೆಕ್ಕದಲ್ಲಿ ಇದು ಸಲೀಸಾಗಿ ಹಿಡಿಯುತ್ತದೆ ಎಂದು ಅವಳು ಬೆರಳು ಮಡಚಿ ನೋಡಿದಳು.

"ಅತ್ತೆ, ಈ ಬೆಳೆ ನಾನೇ ಮಾಡ್ತೀನಿ. ಮರಿಯಿಂದ ಹಿಡಿದು ಗೂಡು ಬಿಡಿಸೋ ತನಕ" ಎಂದಳು.

ಓಬಳಮ್ಮ ಸೊಸೆಯ ಕಣ್ಣು ನೋಡಿದಳು. ಬೆಳ್ಳಗಿತ್ತು. "ಮಾಡಮ್ಮ. ನಾನೇನು ಬೇಡ ಅಂದ್ನಾ" ಎಂದಳು.

ಆ ಹದಿನೆಂಟು ದಿನ ಮುನಿಲಕ್ಷ್ಮಿ ಬದುಕಿದಳು ಅಂತಲೇ ಹೇಳಬೇಕು. ಸುಸ್ತು ಇದ್ದೇ ಇತ್ತು. ಒಂದು ಸಾಲಿಗೆ ಸೊಪ್ಪು ಹಾಕಿ ಗೋಡೆಗೆ ಒರಗಿ ಉಸಿರು ತೆಗೆದುಕೊಂಡು ಮುಂದಿನ ಸಾಲಿಗೆ ಹೋಗುತ್ತಿದ್ದಳು. ತುರಿಕೆಯೂ ಇತ್ತು, ಸುಣ್ಣ ಮುಟ್ಟಿದ ಕೈ ಉರಿಯುತ್ತಿತ್ತು. ಆದರೆ ಯಾರೂ ಅವಳನ್ನು "ಪರವಾಗಿಲ್ವಾ" ಎಂದು ಕೇಳಲಿಲ್ಲ. "ಇವತ್ತು ಸೊಪ್ಪು ಎಷ್ಟು ಹೊರೆ ಬೇಕು" ಎಂದು ಕೇಳಿದರು. ಹುಳ ಪೊರೆ ಬಿಡಲು ತಲೆಯೆತ್ತಿ ಕೂತರೆ ಇಲ್ಲಿ ಜ್ವರ ಅನ್ನುತ್ತಾರೆ, ಆಗ ಸೊಪ್ಪು ಹಾಕಬಾರದು. ಎರಡು ಜ್ವರವನ್ನೂ ಅವಳೇ ಕಾದು ದಾಟಿಸಿದಳು. ಕೊನೆಯ ವಾರ ಹುಳ ಬೆರಳು ಗಾತ್ರವಾಗಿ ಹಗಲೂ ರಾತ್ರಿ ತಿನ್ನುವಾಗ, ಆ ಮನೆಯೊಳಗೆ ಶೀಟಿನ ಮೇಲೆ ಸೋನೆಮಳೆ ಬಿದ್ದಂಥ ಸದ್ದು. ಗಂಗಾಧರ ಒಂದು ಸಂಜೆ ಸೊಪ್ಪಿನ ಹೊರೆ ಇಳಿಸಿ, "ಲಕ್ಷ್ಮೀ, ನೀನು ಹಾಡು ಹೇಳ್ಕೊತಾ ಇದ್ದೆ" ಎಂದ. ಅವಳಿಗೆ ಅದು ಗೊತ್ತೇ ಆಗಿರಲಿಲ್ಲ.

ಹತ್ತೊಂಬತ್ತನೇ ದಿನ ಬೆಳಿಗ್ಗೆ ಹುಳ ಹಣ್ಣಾದವು. ಹಣ್ಣಾದ ಮೇಲೆ ತಡೆಯುವಂತಿಲ್ಲ. ಕಂಡಕಂಡಲ್ಲಿ ನೂಲು ಬಿಡಲು ಶುರುಮಾಡುತ್ತವೆ. ಅವರ ಬೆಳೆಗೆ ಇವರು, ಇವರ ಬೆಳೆಗೆ ಅವರು ಎಂಬ ಮುಯ್ಯಿಯ ಲೆಕ್ಕದಲ್ಲಿ ಪಕ್ಕದ ಮನೆಯ ಅಮ್ಮಾಜಮ್ಮ ಇನ್ನಿಬ್ಬರನ್ನು ಕರಕೊಂಡು ಬಂದಳು. ಎಲ್ಲರೂ ಸಾಲಾಗಿ ನಿಂತು ಆರಿಸತೊಡಗಿದರು.

ಹನ್ನೊಂದು ಗಂಟೆಗೆ ಮುನಿಲಕ್ಷ್ಮಿಯ ಬೆನ್ನಲ್ಲಿ ಸಣ್ಣಗೆ ತಣ್ಣಗಾಯಿತು. ಅದು ಏನೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕೈಯಲ್ಲಿದ್ದ ಹುಳಗಳನ್ನು ಚಂದ್ರಿಕೆಗೆ ಬಿಟ್ಟು, ತಲೆನೋವು ಎಂದು ಹೇಳಿ, ಪಕ್ಕದ ಸೊಪ್ಪಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಸೊಪ್ಪಿನ ಮೇಲೆ ಹೊದಿಸುವ ಗೋಣಿಚೀಲಗಳಲ್ಲಿ ಒಣಗಿದ್ದ ನಾಲ್ಕನ್ನು ಮೈಮೇಲೆ ಎಳೆದುಕೊಂಡು ಗೋಡೆ ಮೂಲೆಯಲ್ಲಿ ಕೂತಳು. ಹಲ್ಲು ಕಟಕಟ ಅನ್ನದಿರಲಿ ಎಂದು ಸೆರಗನ್ನು ಬಾಯಿಗೆ ತುರುಕಿಕೊಂಡಳು. ನಡುಕ ಇಪ್ಪತ್ತು ನಿಮಿಷ ಇತ್ತು. ನಿಂತ ಮೇಲೆ ಎರಡು ಡೋಲೋ ಮಾತ್ರೆ ನುಂಗಿದಳು.

ಈಗ ಹೊರಟರೆ ಈ ಬೆಳೆಯೂ ಅರ್ಧಕ್ಕೇ. ಸಂಜೆಗೆ ಆರಿಸುವುದು ಮುಗಿಯುತ್ತದೆ, ಮುಗಿದ ಮೇಲೆ ಹೇಳುತ್ತೇನೆ, ಐದಾರು ಗಂಟೆಯಲ್ಲಿ ಏನು ಮಹಾ ಆಗಿಬಿಡುತ್ತದೆ ಎಂದುಕೊಂಡಳು. ಗೌರಿಬಿದನೂರಿನ ಹೆಂಗಸು ನೆನಪಾದಳು. ನೆನಪಾದರೂ ಎದ್ದು ಹುಳದ ಮನೆಗೇ ಹೋದಳು. ಇದನ್ನು ದಡ್ಡತನ ಅನ್ನುವವರು ಅನ್ನಲಿ. ಎರಡು ವರ್ಷ ಬಾಗಿಲಾಚೆ ನಿಂತವರಿಗೆ ಮಾತ್ರ ಅದು ಅರ್ಥವಾದೀತು.

ಮಾತ್ರೆಗೆ ಜ್ವರ ಇಳಿದ ಹಾಗಿತ್ತು. ಕೈ ತನ್ನಷ್ಟಕ್ಕೆ ತಾನು ಆರಿಸುತ್ತಿತ್ತು. ಮಧ್ಯಾಹ್ನದ ಊಟಕ್ಕೆ ಎಲ್ಲರೂ ಎದ್ದಾಗ ಹಸಿವಿಲ್ಲ ಎಂದು ಅವಳು ಅಲ್ಲೇ ಉಳಿದಳು. ಅಮ್ಮಾಜಮ್ಮ ವಾಪಸ್ಸು ಬಂದು ಏನೋ ತಮಾಷೆ ಮಾಡಿದಳು. ಮುನಿಲಕ್ಷ್ಮಿ ನಕ್ಕಳು, ಆದರೆ ಏನು ಹೇಳಿದಳೆಂದು ಹಿಡಿಯಲಾಗಲಿಲ್ಲ. ಹುಳದ ತಟ್ಟೆಗಳು ಅವಳ ಕಣ್ಣಿಗೆ ಮುಗಿಯದೆ ಉದ್ದಕ್ಕೆ ಹೋಗುತ್ತಲೇ ಇದ್ದವು.

ಎರಡು ಗಂಟೆಯ ಹೊತ್ತಿಗೆ ಓಬಳಮ್ಮ ತುಂಬಿದ ಚಂದ್ರಿಕೆಗಳನ್ನು ಗೋಡೆಗೆ ಒರಗಿಸುತ್ತ ಬಂದಳು. ಒಂದರ ಮುಂದೆ ನಿಂತಳು.

"ಇದ್ಯಾರು ಬಿಟ್ಟಿದ್ದು?" ಎಂದು ಕೇಳಿದಳು.

ಚಂದ್ರಿಕೆಯ ಅರ್ಧ ಭಾಗದಲ್ಲಿ ಹಸಿ ಹುಳ ತುಂಬಿದ್ದವು. ಗೂಡು ಕಟ್ಟುವ ಯೋಚನೆಯೇ ಇಲ್ಲದೆ, ಹಸಿರಾಗಿ, ಸೊಪ್ಪು ಹುಡುಕುತ್ತ ಒಂದರ ಮೇಲೊಂದು ಹರಿದಾಡುತ್ತಿದ್ದವು. ನಿನ್ನೆ ಮೊನ್ನೆ ಕೆಲಸ ಕಲಿತವರೂ ಹಾಗೆ ಮಾಡುವುದಿಲ್ಲ.

"ಅದು ಮುನಿಲಕ್ಷ್ಮೀದು" ಎಂದಳು ಅಮ್ಮಾಜಮ್ಮ, ತಗ್ಗಿದ ದನಿಯಲ್ಲಿ.

ಓಬಳಮ್ಮ ಬೈಯುತ್ತಾಳೆಂದು ಎಲ್ಲರೂ ಕಾದರು. ಅವಳು ಬೈಯಲಿಲ್ಲ. ಸೊಸೆಯ ಹತ್ತಿರ ಬಂದು ಮುಂಗೈ ಹಿಡಿದಳು. ಹಾಗೇ ಹಿಡಿದುಕೊಂಡೇ ಕೇಳಿದಳು.

"ಚಳಿ ಯಾವಾಗ ಬಂತು?"

"ಹನ್ನೊಂದಕ್ಕೆ" ಎಂದಳು ಮುನಿಲಕ್ಷ್ಮಿ. ಸುಳ್ಳು ಹೇಳಲು ಬೇಕಾದ ಶಕ್ತಿ ಅವಳಲ್ಲಿ ಇರಲಿಲ್ಲ. "ಇನ್ನು ಎರಡೇ ತಟ್ಟೆ ಅತ್ತೆ. ಮುಗಿಸಿ ಹೋಗ್ತೀನಿ."

"ಚಾಲು, ಸಾಕು."

"ಈ ಬೆಳೆ ನಂದು ಅತ್ತೆ."

"ನಿಂದೇ ಕಣಮ್ಮ. ಯಾರಲ್ಲ ಅಂದ್ರು. ಪದ, ನಡಿ" ಎಂದು ಓಬಳಮ್ಮ ಅವಳ ಕೈಯಲ್ಲಿದ್ದ ಹುಳಗಳನ್ನು ಒಂದೊಂದಾಗಿ ಬಿಡಿಸಿ ತಟ್ಟೆಗೆ ಹಾಕಿದಳು. ಆಮೇಲೆ ಹೊರಗೆ ಬಂದು, ಊರಿಗೆಲ್ಲ ಕೇಳುವ ಹಾಗೆ ಮಗನನ್ನು ಕೂಗಿದಳು.

ಊರಿನಲ್ಲಿ ಬಾಡಿಗೆಗೆ ಕಾರು ಓಡಿಸುವ ಮುನೇಶನ ಕಾರಿನಲ್ಲಿ ಅವಳನ್ನು ಮಲಗಿಸಿಕೊಂಡು ಹೊರಟರು. ದಾರಿಯಲ್ಲಿ ಗಂಗಾಧರ "ಲಕ್ಷ್ಮೀ, ನಾನ್ಯಾರು ಹೇಳು" ಎಂದು ಕೇಳಿದ. ಅವಳು ಅವನ ಮುಖ ನೋಡಿ, "ಸೊಪ್ಪು ಸಾಕಾಗಲ್ಲ" ಎಂದಳು. ಅವನು ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕೂತ.

ನಾಲ್ಕು ದಿನ ಐಸಿಯುನಲ್ಲಿ ಇಟ್ಟರು. ರಕ್ತದ ಒತ್ತಡ ಕೈಗೆ ಸಿಗದಷ್ಟು ಕೆಳಗಿಳಿದಿತ್ತಂತೆ. ಹಳೆಯ ಸ್ಟೆಂಟ್ ಪೂರ್ತಿ ಕಟ್ಟಿಹೋಗಿತ್ತು, ತೆಗೆದು ಹೊಸದು ಇಟ್ಟರು. ಐದನೇ ದಿನ ವಾರ್ಡಿಗೆ ತಂದಾಗ ಡಾಕ್ಟರು ಬಂದು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತರು. ಅವರು ಕೂತು ಮಾತಾಡಿದ್ದು ಏಳು ವರ್ಷದಲ್ಲಿ ಎರಡನೇ ಸಲ.

"ಡೋಲೋ ತಗೊಂಡು ಜ್ವರ ಮುಚ್ಚಿಟ್ರೆ ಒಳಗಿನ ಸೋಂಕು ನಿಲ್ಲತ್ತೇನಮ್ಮ?"

"ಇಲ್ಲ ಸಾರ್."

"ಗೊತ್ತಿತ್ತಾ?"

"ಗೊತ್ತಿತ್ತು."

ಡಾಕ್ಟರು ಕೈಯಲ್ಲಿದ್ದ ಫೈಲನ್ನು ಮುಚ್ಚಿದರು. ಲಿವರ್ ಬದಲಾಯಿಸುವವರ ಪಟ್ಟಿಗೆ ಹೆಸರು ಸೇರಿಸುವ ಕಾಲ ಬಂದಿದೆ, ಸರದಿ ಬರುವ ತನಕ ಇಂಥ ಜ್ವರ ಇನ್ನೆಷ್ಟು ಬರುತ್ತದೋ ಹೇಳಲಾಗದು, ಆದರೆ ಒಂದನ್ನೂ ಮುಚ್ಚಿಡಬೇಡಿ ಎಂದರು. ಮುನಿಲಕ್ಷ್ಮಿ ಆಗಲಿ ಎಂದಳು. ಅವಳಿಗೆ ಹೆದರಿಕೆಯೂ ಆಗಲಿಲ್ಲ, ಸಮಾಧಾನವೂ ಆಗಲಿಲ್ಲ, ನಿದ್ದೆ ಬಂತು.

ಮಾರನೆಯ ದಿನ ಅವಳ ಜೊತೆಗೆ ಪ್ರಿಯಾಂಕ ಉಳಿದು, ಗಂಗಾಧರ ಊರಿಗೆ ಹೋದ. ಸಂಜೆ ಮೊಬೈಲಿಗೆ ಒಂದು ಫೋಟೊ ಕಳಿಸಿದ. ಜಮಖಾನದ ಮೇಲೆ ರಾಶಿ ಹಾಕಿದ ಗೂಡು. ಕೆಳಗೆ, ಗೂಡು ಬಿಡಿಸಿ ಆಯಿತು, ನಾಳೆ ಶಿಡ್ಲಘಟ್ಟ ಮಾರ್ಕೆಟ್ಟಿಗೆ ತಗೊಂಡು ಹೋಗುತ್ತೇನೆ ಎಂದು ಬರೆದಿತ್ತು. ಗಟ್ಟಿ ಗೂಡುಗಳು, ಒಂದೇ ಅಳತೆಯವು. ಮುನಿಲಕ್ಷ್ಮಿ ಫೋಟೊವನ್ನು ದೊಡ್ಡದು ಮಾಡಿ ನೋಡಿ, ಮೊಬೈಲನ್ನು ಮಗಳ ಕೈಗೆ ಕೊಟ್ಟು ಗೋಡೆಯ ಕಡೆ ತಿರುಗಿದಳು.

"ಚೆನ್ನಾಗ್ ಬಂದಿದೆಯಲ್ಲಮ್ಮ ಗೂಡು. ಯಾಕೆ ಹಿಂಗೆ ಮಾಡ್ತೀಯ?" ಎಂದು ಪ್ರಿಯಾಂಕ ಕೇಳಿದಳು.

"ಚೆನ್ನಾಗೇ ಬಂದಿದೆ" ಎಂದಳು ಅವಳು. ತಾನಿಲ್ಲದೆಯೂ ಚೆನ್ನಾಗೇ ಬರುತ್ತದೆ ಎಂಬುದು ಅವಳಿಗೆ ತಡೆಯಲಾಗದಷ್ಟು ನೋವು ತಂದಿತ್ತು. ಬೆಳೆ ಉಳಿಯಿತಲ್ಲ ಎಂದು ಸಂತೋಷಪಡಬೇಕಾದ ಕಡೆ ನೋವಾಗುತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಇದನ್ನು ಹತ್ತೊಂಬತ್ತು ವರ್ಷದ ಮಗಳಿಗೆ ಹೇಗೆ ಹೇಳುವುದು.

ಎಂಟನೇ ದಿನ ಬಿಡುತ್ತೇವೆ ಎಂದವರು ಹತ್ತು ಎಂದರು, ಹತ್ತು ಹನ್ನೆರಡಾಯಿತು. ಹನ್ನೆರಡನೇ ದಿನ ಮಧ್ಯಾಹ್ನ ಮೂರು ಗಂಟೆಗೆ ಮುನೇಶನ ಕಾರು ಮನೆಯ ಅಂಗಳಕ್ಕೆ ಬಂತು. ಬಾಗಿಲಲ್ಲಿ ಯಾರೂ ಇರಲಿಲ್ಲ. ಮುನಿಲಕ್ಷ್ಮಿ ಗೋಡೆ ಹಿಡಿದುಕೊಂಡು ಹಿತ್ತಿಲಿಗೆ ಬಂದಳು. ತೊಳೆದ ಚಂದ್ರಿಕೆಗಳು ಬಿಸಿಲಿನಲ್ಲಿ ಸಾಲಾಗಿ ಒಣಗುತ್ತಿದ್ದವು. ಹುಳದ ಮನೆಯ ಬಾಗಿಲಲ್ಲಿ ಓಬಳಮ್ಮ ನಿಂತಿದ್ದಳು, ತಪ್ಪು ಮಾಡಿದವಳ ಹಾಗೆ.

"ಬಂದ್ಯಾ. ಕಾಲು ತೊಳ್ಕೊಂಡು ಒಳಕ್ಕೆ ಬಾ" ಎಂದಳು.

"ಆಸ್ಪತ್ರೆಯಿಂದ ಬಂದಿದೀನಿ ಅತ್ತೆ."

"ಕೆಡೋಕೆ ಒಳಗೇನಿದೆ ಈಗ. ಬಾ."

ಒಳಗೆ ತಟ್ಟೆಗಳೆಲ್ಲ ಖಾಲಿ. ಕಿಟಕಿಯ ಕೆಳಗೆ ಒಂದೇ ಒಂದು ಚಂದ್ರಿಕೆ ಗೋಡೆಗೆ ಒರಗಿತ್ತು, ಗೂಡುಗಳ ಸಮೇತ. ಗೂಡುಗಳೆಲ್ಲ ತುದಿಯಲ್ಲಿ ತೂತಾಗಿ ಕಂದು ಕಲೆಯಾಗಿದ್ದವು. ಬಿಳಿ ಚಿಟ್ಟೆಗಳು ಹೊರಬಂದು ರೆಕ್ಕೆ ಪಟಪಟ ಬಡಿಯುತ್ತ ಬಿದಿರಿನ ಮೇಲೆಲ್ಲ ಓಡಾಡುತ್ತಿದ್ದವು, ಕೆಲವು ಆಗಲೇ ಮೊಟ್ಟೆ ಇಟ್ಟಿದ್ದವು. ಚಿಟ್ಟೆ ಒಡೆದ ಗೂಡಿನ ನೂಲು ತುಂಡುತುಂಡು; ಗೂಡಿನಿಂದ ನೂಲು ಬಿಚ್ಚುವ ಯಾವ ರೀಲರೂ ಅದನ್ನು ಮೂಸಿ ನೋಡುವುದಿಲ್ಲ.

"ನೀನು ಎಂಟಕ್ಕೆ ಬರ್ತೀಯ ಅಂದ್ರು" ಎಂದು ಓಬಳಮ್ಮ ಚಂದ್ರಿಕೆಯನ್ನೇ ನೋಡುತ್ತ ಹೇಳಿದಳು. "ನೀನು ಬಿಟ್ಟಿದ್ದು ಇದು, ಬೆಳಿಗ್ಗೆ ಚಳಿ ಬರೋದಕ್ಕೂ ಮುಂಚೆ. ಇದೊಂದು ಇರ್ಲಿ, ನಿನ್ ಕೈಲೇ ಬಿಡಿಸಣ ಅಂತ ಇಟ್ಟೆ. ಆಮೇಲೆ ಹತ್ತು ಅಂದ್ರು. ಕೆಟ್ಟೋಗ್ತದೆ, ಬಿಡಿಸಿಬಿಡ್ತೀನಿ ಅಂದ ಗಂಗಾಧರ. ನಾನೇ ಬೇಡ ಅಂದೆ. ನಿನ್ನೆ ಬೆಳಿಗ್ಗೆ ನೋಡ್ತೀನಿ, ಒಡೆದುಬಿಟ್ಟಿವೆ."

ನೆಲಕ್ಕೆ ಬಿದ್ದ ಒಂದು ಹುಳವನ್ನೂ ಬಿಡದ ಹೆಂಗಸು ಒಂದು ಚಂದ್ರಿಕೆ ಗೂಡನ್ನು ಕಣ್ಣೆದುರೇ ಹಾಳಾಗಲು ಬಿಟ್ಟಿದ್ದಳು. ಮುನಿಲಕ್ಷ್ಮಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಚಂದ್ರಿಕೆಯ ಮುಂದೆ ಕೂತಳು. ಚಿಟ್ಟೆಗಳನ್ನು ಬೆರಳಿನಿಂದ ಪಕ್ಕಕ್ಕೆ ಸರಿಸುತ್ತ ಮೊದಲ ಗೂಡು ಬಿಡಿಸಿ ಮಡಿಲಿಗೆ ಹಾಕಿಕೊಂಡಳು, ಆಮೇಲೆ ಎರಡನೆಯದು. ಓಬಳಮ್ಮ ಒಂದು ಬುಟ್ಟಿ ತಂದು ಪಕ್ಕದಲ್ಲಿಟ್ಟು, ಚಂದ್ರಿಕೆ ಅಲುಗಾಡದಂತೆ ಇನ್ನೊಂದು ಅಂಚನ್ನು ಹಿಡಿದು ಕೂತಳು. ತಾನು ಒಂದು ಗೂಡನ್ನೂ ಮುಟ್ಟಲಿಲ್ಲ. ಸೂಜಿ ಚುಚ್ಚಿ ಊದಿದ ಕೈ ನಿಧಾನವಾಗಿ ನಡೆಯುತ್ತಿತ್ತು. ಬಿಸಿಲು ಕಿಟಕಿಯಿಂದ ಇಳಿದು ಗೋಡೆಗೆ ಹೋಯಿತು. ಕೊನೆಯ ಗೂಡು ಬುಟ್ಟಿಗೆ ಬಿತ್ತು.

"ಮುಂದಿನ ಮರಿ ಯಾವತ್ತು ತರಿಸಣ?" ಎಂದು ಓಬಳಮ್ಮ ಕೇಳಿದಳು.

"ನೀವೇ ಹೇಳಿ ಅತ್ತೆ. ನನ್ನ ನಂಬ್ಕೊಂಡು ತರಿಸಬೇಡಿ. ಅಷ್ಟೊತ್ತಿಗೆ ನಾನು ಎಲ್ಲಿರ್ತೀನೋ."

"ಆಸ್ಪತ್ರೆಯಲ್ಲಿದ್ರೆ ಇರು. ಒಂದು ಚಂದ್ರಿಕೆ ಎತ್ತಿಟ್ಟಿರ್ತೀನಿ."

ಮುನಿಲಕ್ಷ್ಮಿಗೆ ಅಳು ಬಂತು. ಇಪ್ಪತ್ತೈದು ವರ್ಷದಲ್ಲಿ ಅವಳು ಅತ್ತೆಯ ಮುಂದೆ ಅತ್ತದ್ದು ಅದೇ ಮೊದಲು.